ಖಾಲಿ ತಟ್ಟೆಯ ತೂಕ

ತೂಕದ ಯಂತ್ರಗಳ ರಿಪೇರಿ ನನ್ನ ಕಸುಬು. ಹೋದ ತಿಂಗಳು ಆಸ್ಪತ್ರೆಯಿಂದ ಹಸುಗೂಸುಗಳನ್ನು ತೂಗುವ ಯಂತ್ರವೊಂದು ಬಂತು. ತಟ್ಟೆ ಖಾಲಿಯಿದ್ದರೂ ಎರಡು ಕಿಲೋ ಒಂಬೈನೂರು ಗ್ರಾಂ ತೋರಿಸುತ್ತಿತ್ತು. ಒಳಗಿನ ಚಿಪ್‌ಗೆ ತಲೆ ಕೆಟ್ಟಿದೆಯೆಂದುಕೊಂಡು ಹೊಸದು ಹಾಕಿದೆ, ಸೆನ್ಸರನ್ನೂ ಬದಲಾಯಿಸಿದೆ. ಮರುದಿನ ಮೂವತ್ತು ಗ್ರಾಂ ಹೆಚ್ಚಾಗಿತ್ತು. ಅದರ ಮರುದಿನ ಇನ್ನೂ ಇಪ್ಪತ್ತೈದು. ಕುತೂಹಲ ತಡೆಯಲಾರದೆ ದಿನವೂ ಕ್ಯಾಲೆಂಡರಿನಲ್ಲಿ ಬರೆದಿಡತೊಡಗಿದೆ. ಸ್ಟೀಲಿನ ತಟ್ಟೆ ಮುಟ್ಟಿದಾಗಲೆಲ್ಲ ಬೆಚ್ಚಗಿರುತ್ತಿತ್ತು.

ನರ್ಸ್ ಆಗಿರುವ ಅಕ್ಕ ಊಟ ಕೊಡಲು ಬಂದವಳು ಕ್ಯಾಲೆಂಡರ್ ನೋಡಿ ನಕ್ಕಳು. “ಯಾರ ಮಗುನೋ ಇದು? ಚೆನ್ನಾಗಿ ಹಾಲು ಕುಡೀತಿದೆ ಬಿಡು, ಮೈಕೈ ತುಂಬ್ಕೊಳ್ತಿದೆ.”

ಮಗುವಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಸ್ಪತ್ರೆಯವರು ಫೋನ್ ಮಾಡಿದಾಗ, “ಇನ್ನೂ ರೆಡಿ ಆಗಿಲ್ಲ” ಅಂದೆ.

ಆಮೇಲೆ ಜ್ವರ ಬಂದು ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಬೀಗ ತೆಗೆದು ನೋಡಿದರೆ, ನೂರು ಗ್ರಾಂ ಇಳಿದಿತ್ತು.