ಧಾರೆ ಸೀರೆಯ ಹಾಸು

"ಇವತ್ತಿಂದ ನೀನು ನನಗೆ ಬಾವನೂ ಅಲ್ಲ, ಏನೂ ಅಲ್ಲ!" ಸೂರಮ್ಮ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದಳು.

ಮೊಳಕಾಲ್ಮೂರಿಗೆ ಪ್ಲೇಗು ಬಂದಿದ್ದ ಕಾಲ. ಇಲಿ ಸತ್ತ ಮನೆಯವರು ಊರಾಚೆಯ ಗುಡಿಸಲು ಸೇರಬೇಕಿತ್ತು. ಈಗ ಸೂರಮ್ಮನ ಮನೆಯವರೂ ಸೇರಿದ್ದರು. ಸೇರಿಸಿದವನು ಚಿತ್ತಯ್ಯ. ಚಳ್ಳಕೆರೆಯ ಸೋದರತ್ತೆಯ ಮಗ, ಬೆಂಗಳೂರಲ್ಲಿ ಡಾಕ್ಟರಿಕೆ ಓದುವವನು. ಅವಳು ಮೈಸೂರಲ್ಲಿ ಉಪಾಧ್ಯಾಯಿನಿಯಾಗಲು ಓದುತ್ತಿದ್ದಳು. ರಜೆಗೆ ಇಬ್ಬರೂ ಇಲ್ಲಿಗೆ ಬಂದಿದ್ದರು. ಬರುವ ಮಾಘದಲ್ಲಿ ಇಬ್ಬರ ಮದುವೆ. ಧಾರೆ ಸೀರೆಯನ್ನು ಅಪ್ಪ ವೆಂಕಟಪ್ಪ ತಾನೇ ನೇಯುತ್ತಿದ್ದ.

ಆ ಮಗ್ಗದ ಕಾಲಡಿಯ ಗುಂಡಿಯಲ್ಲೇ ಇಲಿ ಸತ್ತು ಬಿದ್ದಿತ್ತು. ಅವಸರದಲ್ಲಿ ಮನೆ ಬಿಡುವುದೆಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸುನೂಲನ್ನು ಕತ್ತರಿಸುವುದು. ಧಾರೆ ಸೀರೆಯ ಹಾಸು ನಡುವೆ ಕತ್ತರಿಸಿದರೆ ಮದುವೆಯೇ ಮುರಿದಂತೆ, ನೇಕಾರರಿಗೆ. ಅಪ್ಪ ಇಲಿಯ ಮೇಲೆ ಬೂದಿ ಸುರಿದ. ಪ್ಲೇಗಿನ ಇನ್ಸ್‌ಪೆಕ್ಟರು ಬಂದು ಕೇಳಿದಾಗ ಸೂರಮ್ಮ, "ಏನೂ ಇಲ್ರಿ" ಅಂದಳು.

ಪಕ್ಕದಲ್ಲಿದ್ದ ಚಿತ್ತಯ್ಯ, "ಐತೆ" ಅಂದ.

"ನಾಳೆ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಪಾಠ ಮಾಡೋಳು ನೀನು," ಅಂದ ಈಗ, ಗುಡಿಸಲಲ್ಲಿ.

"ನಾಳೆ ರೋಗಿಗಳ ಗುಟ್ಟನ್ನ ಬೀದೀಲಿ ಸಾರೋನು ನೀನು!"

ಮದ್ರಾಸಲ್ಲಿ ವಕೀಲಿಕೆ ಓದುತ್ತಿದ್ದ ಅವಳ ಅಣ್ಣ ಯರ್ರಪ್ಪ ಚಾಪೆಯ ಮೇಲಿಂದಲೇ ತೀರ್ಪು ಕೊಟ್ಟ. "ಇನ್ಸ್‌ಪೆಕ್ಟರು ಕೇಳಿದ್ದು ಅವಳನ್ನ ಕಣಲೇ. ಕೇಳದೇ ಸಾಕ್ಷಿ ನುಡಿಯೋನು ಕೋರ್ಟಲ್ಲೂ ಕತ್ತೆನೇ."

"ರೋಗ ಕೇಳ್ಕೊಂಡು ಬರ್ತೈತೇನಲೇ? ನಿಮ್ಮ ಮನೆ ಗೋಡೆ ಆಚೆ ಚಿನ್ನಕ್ಕನ ಹಸುಗೂಸು ಐತೆ."

ಮಾತು ನಿಜವೆಂದು ಸೂರಮ್ಮನಿಗೂ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಹೇಳಿದ್ದು ತಪ್ಪಲ್ಲ ಬಿಡು. ಮೊದಲು ನನ್ನ ಕಿವೀಗೆ ಹಾಕಬಾರದಿತ್ತಾ? ನಾನೇ ನಿಜ ಹೇಳ್ತಿದ್ದೆ."

ಚಿತ್ತಯ್ಯ ಅವಳ ಕಣ್ಣನ್ನೇ ನೋಡಿದ. "ಹಾಕಿದ್ರೆ ನೀನು ಅಳ್ತಿದ್ದೆ ಸೂರಿ. ನೀನು ಅತ್ರೆ ನಾನು ಸುಮ್ಮನಾಗಿಬಿಡ್ತಿದ್ದೆ. ಆ ಕೂಸು ನೆನಪಿಗೂ ಬರ್ತಿರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಮುಖ ಹೊರಳಿಸಿದಳು. ಹೊರಗೆ, ಬಿಸಿಲಿನಲ್ಲಿ, ಕೋಲಿಗೆ ಸುತ್ತಿದ ಕೆಂಪು ರೇಷ್ಮೆ ಮಿನುಗುತ್ತಿತ್ತು. ಅವಳದೇ ಸೀರೆಯ ಹಾಸು!

"ಇನ್ಸ್‌ಪೆಕ್ಟರು ಮಾವನ್ನ ಮನೆ ಒಳಗೆ ಬಿಡಲಿಲ್ಲ. ನಾನೇ ಬಿಚ್ಚಿ ತಂದೆ. ಒಂದೆಳೆನೂ ಕತ್ತರಿಸಿಲ್ಲ."

"ಇಲಿ ಸತ್ತ ಗುಂಡಿಗೆ ನೀನು ಇಳಿದ್ಯಾ?" ಅವಳು ಗಕ್ಕನೆ ಅವನತ್ತ ತಿರುಗಿದಳು. "ಡಾಕ್ಟರಂತೆ! ಬುದ್ಧಿ ಐತಾ ನಿಂಗೆ?"

"ಪ್ಲೇಗಿನ ಸೂಜಿಮದ್ದು ಹಾಕಿಸ್ಕೊಂಡೀನಿ."

ಅವಳು ದಡದಡನೆ ಹೊರಗೆ ಹೋಗಿ ಕೂತಳು. ಚಿತ್ತಯ್ಯ ಅಪ್ಪನ ಬಟ್ಟೆ ಅಂಗಡಿಯಲ್ಲಿ ಬೆಳೆದ ಗಂಡು. ಸೀರೆ ಮಡಿಚಲು ಬರುತ್ತಿತ್ತೇ ಹೊರತು ಹಾಸು ಸುತ್ತಲು ಬರುತ್ತಿರಲಿಲ್ಲ. ಎಳೆಯೆಲ್ಲ ಸಿಕ್ಕುಸಿಕ್ಕು. ಒಂದೊಂದೇ ಬಿಡಿಸತೊಡಗಿದಳು. ಅವನು ಎದುರಿಗೆ ಕೂತು ಇನ್ನೊಂದು ತುದಿ ಹಿಡಿದ. ರೇಷ್ಮೆ ಅವನ ಬೆರಳುಗಳನ್ನು ಕೊಯ್ದಿತ್ತು.

"ಸಿಟ್ಟು ಇಳೀತಾ?"

"ಇಲ್ಲ. ಇದನ್ನ ಉಟ್ಕೊಂಡು ಧಾರೆ ಮುಗಿಸಿ, ಆಮೇಲೆ ಬೈತೀನಿ, ಸಾಯೋತನಕ. ಆ ತುದಿ ಬಿಡಬೇಡ ಬಾವ."