ಉಗುರಿಗೆ ಸಿಗದ ಗೀರು

"ಹೊಸ ಕಾರನ್ನು ಹೀಗೆ ಗೀಚೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು?"

ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಬದಿ, ತನ್ನ ತಗಡಿನ ಶೆಡ್ಡಿನ ಮುಂದೆ, ಸಿರಿ ಬೆಚ್ಚಿ ತಿರುಗಿದಳು. ಎದುರಿಗೆ ನಿಂತಿದ್ದವನು ಹುಲಿಕೆರೆಯ ಶಿವಪ್ರಕಾಶ್, ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವನ ಬೆನ್ನ ಹಿಂದೆ ತಿಂಗಳೂ ತುಂಬದ ಕಡುನೀಲಿ ಕಾರು. ನಡುಹಗಲಿನ ಬಿಸಿಲಿಗೆ ಅದರ ಮೈಮೇಲೆಲ್ಲ ಬಿಳಿಯ ಎಳೆಗಳು ಹೊಳೆಯುತ್ತಿದ್ದವು.

"ನಾನಾ? ನಾನ್ಯಾಕ್ರೀ ಗೀಚಲಿ?"

"ಶನಿವಾರ ನಿಮ್ಮ ಶೆಡ್ಡಿಗೆ ಅಡ್ಡ ನಿಲ್ಲಿಸಿದ್ದೆ ಅಂತ ಬಾಯಿಗೆ ಬಂದ ಹಾಗೆ ಬೈದಿರಿ. ಇವತ್ತು ನೋಡಿದರೆ ಹೀಗೆ! ಗೀಚೋರೂ ನೀವೇ, ಸರಿಮಾಡೋರೂ ನೀವೇ... ಒಳ್ಳೇ ವ್ಯಾಪಾರ!"

ಪಕ್ಕದ ಟೀ ಅಂಗಡಿಯ ಕೆಂಚಪ್ಪ ಟೀ ಸೋಸುವುದನ್ನು ಅರ್ಧಕ್ಕೇ ನಿಲ್ಲಿಸಿದ. ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು.

ಸಿರಿಯ ಎದೆ ಹೊತ್ತಿಕೊಂಡಿತು. ಹಾಸನದಲ್ಲಿ ನಾಲ್ಕು ವರ್ಷ ಕಾರುಗಳಿಗೆ ಬಣ್ಣ ಹೊಡೆದು ಕಲಿತವಳು ಅವಳು. ಹೆಣ್ಣಿಗೇಕೆ ಈ ಕೆಲಸ ಎಂದವರ ನಡುವೆಯೇ ತನ್ನ ಹೆಸರಿನ ಬೋರ್ಡು ನಿಲ್ಲಿಸಿ ಮೂರು ತಿಂಗಳಾಗಿತ್ತು, ಅಷ್ಟೇ. ಆ ಹೆಸರೇ ಕೆಟ್ಟರೆ ಶೆಡ್ಡಿಗೆ ಬೀಗವೇ ಗತಿ!

ಅವಳು ಕಾರಿನ ಬಳಿ ಹೋಗಿ ಒಂದು ಗೀರಿನ ಮೇಲೆ ಉಗುರಿಟ್ಟು ಎಳೆದಳು. ಉಗುರು ಜಾರಿತು. ಬಾಗಿ ನೋಡಿದಳು. ಗೀರುಗಳೆಲ್ಲ ದುಂಡಗೆ, ಪಾತ್ರೆ ಬೆಳಗಿದ ಹಾಗೆ ಸುತ್ತಿಕೊಂಡಿದ್ದವು. ಬಾನೆಟ್ಟಿನ ಸಂದಿಯಲ್ಲಿ ಒಣಗಿದ ಕುಂಕುಮ... ಅದಕ್ಕೆ ಅಂಟಿದ ಒಂದೆಳೆ ತೆಂಗಿನ ನಾರು!

ಅವಳು ತಲೆಯೆತ್ತಿದಳು. ಮುಂದಿನ ಸೀಟಿನಲ್ಲಿ ಶಿವಪ್ರಕಾಶನ ತಾಯಿ ಸುವರ್ಣಮ್ಮ ಕುಳಿತಿದ್ದರು. ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡು, ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದರು.

ನಾಲಗೆಯ ತುದಿಗೆ ಬಂದ ಮಾತನ್ನು ಸಿರಿ ನುಂಗಿಕೊಂಡಳು.

"ಹೇಗೂ ದಸರಾ ರಜೆ. ದಿನಾ ಮಧ್ಯಾಹ್ನ ಕಾರು ತನ್ನಿ, ಸರಿಮಾಡಿ ಕೊಡ್ತೀನಿ."

"ಅಂದರೆ ಒಪ್ಪಿಕೊಂಡ ಹಾಗಾಯಿತು!"

ಅವಳು ಶೆಡ್ಡಿನೊಳಗೆ ನಡೆದಳು. ಊರು ಆ ಮೌನಕ್ಕೆ ತನಗೆ ತೋಚಿದ ಅರ್ಥವನ್ನೇ ಹಚ್ಚಿತು.

ಮರುದಿನ ಬೆಳಿಗ್ಗೆ ಸುವರ್ಣಮ್ಮ ಒಬ್ಬರೇ ಆಟೋದಲ್ಲಿ ಬಂದರು.

"ನಾನೇ ಕಣವ್ವ... ಆಯುಧಪೂಜೆ ಕುಂಕುಮ ಒಣಗಿ ಹಿಡ್ಕಂಡಿತ್ತು. ಭಾನುವಾರ ಅವ್ನು ಮನೇಲಿಲ್ದಾಗ ನಾರು ತಗಂಡು ಇಡೀ ಕಾರು ತಿಕ್ಬುಟ್ಟೆ. ಅವರಪ್ಪನ ಟ್ರಾಕ್ಟರ್‌ನೂ ಹಂಗೇ ತೊಳೀತಿದ್ದೆ, ಏನೂ ಆಗ್ತಿರ್ನಿಲ್ಲ. ಅವ್ನು ಎಷ್ಟು ಆಸೆಪಟ್ಟು ತಂದವ್ನೆ! ನೀನು ಹೇಳ್ಬ್ಯಾಡ. ಒಸಿ ಧೈರ್ಯ ಬಂದ್ಮೇಲೆ ನಾನೇ ಹೇಳ್ತೀನಿ."

"ನನ್ನ ಬಾಯಿಂದ ಬರಲ್ಲ, ಅಮ್ಮ," ಎಂದಳು ಸಿರಿ.

ಮಧ್ಯಾಹ್ನ ಮೇಷ್ಟ್ರು ಕಾರು ತಂದದ್ದು ಕಾವಲು ಕೂರುವ ಲೆಕ್ಕದಲ್ಲೇ. ಅವಳು ಕಾಂಪೌಂಡ್ ಎಂಬ ಉಜ್ಜುವ ಲೇಪ ಹಚ್ಚಿ, ಪಾಲಿಶ್ ಯಂತ್ರವನ್ನು ಬಾಗಿಲ ಮೇಲೆ ಹಗುರವಾಗಿ ಆಡಿಸುತ್ತಿದ್ದರೆ, ಅವನು ಸ್ಟೂಲಿನಿಂದ ಕೇಳಿದ: "ಬಣ್ಣ ಪೂರ್ತಿ ಹೋಗಿದೆ ಅಲ್ವಾ?"

"ಬಣ್ಣಕ್ಕೇನೂ ಆಗಿಲ್ಲ ಸಾರ್. ಅದರ ಮೇಲೆ ಗಾಜಿನಂಥ ತೆಳು ಪದರ ಒಂದಿರುತ್ತೆ. ಗೀರು ಬಿದ್ದಿರೋದು ಅದಕ್ಕೆ. ಅಲ್ಲಿ ಬೆಳಕು ಚದುರಿ ಬೆಳ್ಳಗೆ ಕಾಣುತ್ತೆ. ಬೆಳಕಿನ ಪಾಠ ಮಾಡೋರಿಗೆ ಇದನ್ನೂ ನಾನೇ ಹೇಳಬೇಕಾ?"

ಅವನು ಮೊದಲ ಬಾರಿಗೆ ನಕ್ಕ.

"ಉಗುರಿಗೆ ಸಿಕ್ಕಿದರೆ ಆಳದ ಗೀರು. ಜಾರಿದರೆ ವಾಸಿಯಾಗುತ್ತೆ," ಎಂದಳು.

ಮೂರನೆಯ ದಿನ ಅವನು ಯಂತ್ರದ ವೈರು ಹಿಡಿದು ನಿಂತ. ನಾಲ್ಕನೆಯ ದಿನ ಎರಡು ಟೀ ತಂದ. ಐದನೆಯ ದಿನ, "ಹಳೇಬೀಡಿನ ದೇವಸ್ಥಾನದ ಕಡೆದ ಕಂಬಗಳಲ್ಲಿ ಮುಖ ಕಾಣುತ್ತೆ. ನಿಮ್ಮ ಕೈಯಲ್ಲೂ ಅದೇ ನಯವಿದೆ," ಎಂದ.

ಸಿರಿಯ ಕಿವಿ ಕೆಂಪಾಯಿತು. ಮರುಕ್ಷಣವೇ ಮನಸ್ಸು ಕಹಿಯಾಯಿತು. 'ಇವನ ಕಣ್ಣಲ್ಲಿ ನಾನು ಇನ್ನೂ ಅಪರಾಧಿಯೇ...' ಬರಬೇಕಿದ್ದ ಎರಡು ಕಾರುಗಳು ಆ ವಾರ ಅರಸೀಕೆರೆಗೆ ಹೋಗಿದ್ದವು.

ಏಳನೆಯ ದಿನ ತಾಯಿಯೂ ಜೊತೆಗೆ ಬಂದಿದ್ದರು. ಬಾನೆಟ್ಟಿನ ಕೊನೆಯ ಎಳೆಯೂ ಅಳಿಯಿತು. ನಡುಹಗಲಿನ ಬಿಸಿಲಿನಲ್ಲಿ ಕಾರು, ತುಂಬಿದ ಕೆರೆಯಂತೆ ಆಕಾಶವನ್ನು ಹೊತ್ತು ನಿಂತಿತು. ಬೆಂಚಿನವರೂ ಎದ್ದು ನೋಡಿದರು.

ಶಿವಪ್ರಕಾಶ್ ಎಲ್ಲರಿಗೂ ಕೇಳುವಂತೆ ಹೇಳಿದ: "ಹಳೆಯದನ್ನೆಲ್ಲ ಮರೆತಿದ್ದೇನೆ, ಸಿರಿ. ನಿಮ್ಮನ್ನು ಕ್ಷಮಿಸಿದ್ದೇನೆ."

ಕ್ಷಮೆ! ಮಾಡದ ತಪ್ಪಿಗೆ ಕ್ಷಮೆ!

ಅವಳ ಕಣ್ಣು ತುಂಬಿತು. "ನಿಮ್ಮ ಕ್ಷಮೆ ನಿಮ್ಮ ಹತ್ತಿರವೇ ಇರಲಿ. ಕಾರು ತಗೊಂಡು ಹೊರಡಿ."

"ನಿಲ್ಲೋ ಪ್ರಕಾಶ!"

ಕಾರಿನಿಂದಿಳಿದ ಸುವರ್ಣಮ್ಮನ ಕೈಯಲ್ಲಿ ತೆಂಗಿನ ನಾರಿತ್ತು.

"ಇದ್ರಲ್ಲಿ ತಿಕ್ಕಿದ್ದು ನಾನು. ಈ ಮಗಿಗೆ ಮೊದಲ ದಿನವೇ ಗೊತ್ತಾಯ್ತು. ನನ್ನ ಮುಖ ನೋಡಿ ವಾರವೆಲ್ಲ ನಿನ್ನ ಮಾತು ತಡ್ಕಂಡವ್ಳೆ. ಕ್ಷಮೆ ಕೇಳ್ಬೇಕಾದೋನು ನೀನು!"

ಶಿವಪ್ರಕಾಶನ ಮುಖ ಬಿಳಿಚಿತು. ಅವನು ನೇರ ರಸ್ತೆಯ ನಡುವಿಗೆ ನಡೆದು, ಶಾಲೆಯ ಪ್ರಾರ್ಥನೆಯ ಹೊತ್ತಿನ ದನಿಯಲ್ಲಿ ಕೂಗಿದ:

"ಎಲ್ಲರೂ ಕೇಳಿ! ಈಕೆ ನನ್ನ ಕಾರು ಮುಟ್ಟಿರಲಿಲ್ಲ. ಸುಳ್ಳು ಆರೋಪ ಮಾಡಿದವನು ನಾನು. ತಪ್ಪಾಯಿತು ಸಿರಿ, ಇಷ್ಟು ಜನರ ಮುಂದೆ ಹೇಳ್ತಿದ್ದೇನೆ, ತಪ್ಪಾಯಿತು!"

"ನಂಗೆ ಮೊದ್ಲೇ ಗೊತ್ತಿತ್ತು ಬುಡಿ," ಎಂದ ಕೆಂಚಪ್ಪ.

"ಗೊತ್ತಿದ್ದೋನು ವಾರವೆಲ್ಲ ಬಾಯಿಗೆ ಬನ್ ತುರುಕ್ಕಂಡಿದ್ದೇನ್ಲಾ?" ಎಂದರು ಸುವರ್ಣಮ್ಮ.

ನಗೆಯ ಅಲೆಯೆದ್ದಿತು. ಬೆಂಚಿನ ತುದಿಯ ಜವರಪ್ಪ ಎದ್ದು ಬಂದ. "ನಮ್ಮ ಕಾರಿಗೂ ಗೀರು ಬಿದ್ದೈತೆ ಕಣವ್ವ. ನಾಳೆ ತರ್ಲಾ?"

"ತನ್ನಿ!" ಎಂದಳು ಸಿರಿ. ಅವಳ ದನಿ ಬೋರ್ಡಿಗಿಂತ ಎತ್ತರದಲ್ಲಿತ್ತು.

ಸುವರ್ಣಮ್ಮ ಬಾನೆಟ್ಟಿನ ಹೊಳಪಿನಲ್ಲಿ ನೋಡಿಕೊಂಡು ಹಣೆಯ ಕುಂಕುಮ ತಿದ್ದಿಕೊಂಡರು. "ಮುಂದಿನ ಪೂಜೆಗೆ ಕುಂಕುಮ ಎಲ್ಲಿಗೆ ಇಡ್ಲವ್ವ?"

"ಕಾರಿನ ಎದುರಿನ ಗಾಜಿಗೆ ಇಡಿ, ಅಮ್ಮ."

"ನಂಗೆ ಮರ್ತೋಯ್ತದೆ. ನೀನೇ ಬಂದು ಇಡು," ಎಂದು ಟೀ ಅಂಗಡಿಯತ್ತ ನಡೆದರು.

ಶಿವಪ್ರಕಾಶ್ ಹತ್ತಿರ ಬಂದ. "ಮೊದಲೆರಡು ದಿನ ಕಾವಲಿಗೆ ಬಂದೆ. ಆಮೇಲೆ ಬಂದದ್ದು ನಿಮ್ಮನ್ನು ನೋಡೋಕೆ. ಮದುವೆಯಾಗ್ತೀರಾ ಅಂತ ಕೇಳೋ ಯೋಗ್ಯತೆ ನನಗಿದೆಯೋ ಇಲ್ಲವೋ... ನನ್ನ ಮಾತಿನ ಗೀರು ತುಂಬ ಆಳವಾಗಿದೆಯಾ?"

ಅವಳು ಬಾನೆಟ್ಟಿನ ಮೇಲೆ ಉಗುರಿಟ್ಟು ಎಳೆದಳು.

"ಉಗುರಿಗೆ ಸಿಗ್ತಿತ್ತು... ನೀವು ರಸ್ತೆ ಮಧ್ಯೆ ನಿಂತು ಕೂಗೋವರೆಗೂ."

"ಹಾಗಾದರೆ ಮುಂದಿನ ಆಯುಧಪೂಜೆಗೆ ನಮ್ಮ ಮನೆಯಲ್ಲಿ..."

"ಅದಕ್ಕಿನ್ನೂ ವರ್ಷ ಇದೆ, ಮೇಷ್ಟ್ರೇ."

"ದೂರ ಆಯ್ತಾ?"

"ತುಂಬಾ ದೂರ," ಎಂದಳು ಸಿರಿ, ಕಣ್ಣೊರೆಸಿಕೊಂಡು ನಗುತ್ತಾ. "ನಾನು ಸಂಕ್ರಾಂತಿಗೇ ನಿಮ್ಮ ಮನೆಗೆ ಬಂದರೆ ಆಗಲ್ವಾ?"