ಗಡಿಕಲ್ಲಿನ ಮೇಲೆ ಮೂರು ಪೆಟ್ಟು

ಹೊಳೆಯ ದಂಡೆಯಲ್ಲಿ ಮುಂಗುಸಿಯೊಂದು ಓಡಿದರೆ ನೆಲಗಿವಿಗೆ ಅದು ಕೇಳಿಸುತ್ತಿತ್ತು. ಓಡಿದ್ದು ಮುಂಗುಸಿ, ನಾಯಿಯಲ್ಲ ಎಂಬುದೂ ತಿಳಿಯುತ್ತಿತ್ತು. ತೈಲದ ಕೊಳವೆಯ ಮಗ್ಗುಲಲ್ಲಿ ಹೂತಿದ್ದ, ಕೂದಲಿನಷ್ಟು ತೆಳ್ಳನೆಯ ಗಾಜಿನೆಳೆಯೇ ಅದರ ಕಿವಿ. ನೆಲ ಕಂಪಿಸಿದಾಗಲೆಲ್ಲ ಎಳೆಯೊಳಗಿನ ಬೆಳಕು ಒಂದಿಷ್ಟು ಬಳುಕುತ್ತದೆ. ಆ ಬಳುಕನ್ನು ಯಂತ್ರ ಓದುತ್ತದೆ. ನೆಮ್ಮದಿಯ ನೆಲ ಹೇಗೆ ಸದ್ದು ಮಾಡುತ್ತದೆ, ಸೋರುವ ಕೊಳವೆಯ ಸುತ್ತಲಿನ ನೆಲ ಹೇಗೆ ಎಂಬುದನ್ನು ಅದು ಒಂದು ವರ್ಷ ಪೂರ್ತಿ ಆಲಿಸಿ ಕಲಿತಿತ್ತು. ಶಂಕೆ ಬಂದ ಕ್ಷಣವೇ ವಾಲ್ವ್ ಮುಚ್ಚುತ್ತಿತ್ತು. ಮತ್ತೆ ತೆರೆಯಬೇಕಾದರೆ ನೆಲ ನೆಮ್ಮದಿಯಾಗಿದೆಯೆಂದು ಯಂತ್ರಕ್ಕೇ ಮನವರಿಕೆಯಾಗಬೇಕು. ಇಲ್ಲವೇ ಎರಡು ರಾಜ್ಯಗಳೂ ತಮ್ಮ ಕೀಲಿಗಳನ್ನು ಒಟ್ಟಿಗೆ ತಿರುಗಿಸಬೇಕು.

ಹನ್ನೆರಡು ವರ್ಷಗಳ ಜಗಳ ಈ ಯಂತ್ರದಿಂದ ತಣ್ಣಗಾಗಿತ್ತು. ಹೊಳೆ ಈಚೆಯ ರಾಜ್ಯದ್ದು. ಅದರಡಿ ಹಾದುಹೋಗುವ ಎಣ್ಣೆ ಆಚೆಯವರದ್ದು. ನಗರಗಳಿಗೆ ವಿದ್ಯುತ್ ವಾಹನಗಳು ಬಂದಿದ್ದರೂ ಆಚೆಯ ಹಳ್ಳಿಗಳು ಇನ್ನೂ ಡೀಸೆಲನ್ನೇ ನಂಬಿದ್ದವು. ಹಿಂದೊಮ್ಮೆ ಕೊಳವೆ ಸೋರಿದಾಗ ಹೊಳೆಯ ಮರಳಿನಲ್ಲಿ ಈಚೆಯ ರೈತ ಮಾಣಿಕಪ್ಪ ಬೆಳೆಸಿದ್ದ ಕಲ್ಲಂಗಡಿಗಳೆಲ್ಲ ಸೀಮೆಎಣ್ಣೆ ನಾರಿದ್ದವು. ಅಂದಿನಿಂದ ಅಲ್ಲಿ ಬಳ್ಳಿ ಚಿಗುರಲಿಲ್ಲ. ಹೊಳೆಯನ್ನು ತಾನೇ ಕಾಯುತ್ತೇನೆಂದು ಅವನು ಕೊಳವೆಯ ಜಾಡು ಹಿಡಿದು ನಡೆಯುವ ಕಾವಲಿಗೆ ಸೇರಿಕೊಂಡ.

ದಿನವೂ ಬಡಿಗೆ ಹಿಡಿದು, ಅಲ್ಲಲ್ಲಿ ಮಣ್ಣು ಕೆದರಿ ಮೂಸುತ್ತ, ಬಾಂದಾರದ ಒಡ್ಡು ದಾಟಿ ಮಧ್ಯಾಹ್ನದ ಹೊತ್ತಿಗೆ ಗಡಿಕಲ್ಲು ಮುಟ್ಟುತ್ತಿದ್ದ. ಆಚೆಯಿಂದ ಅಲ್ಲಿನ ಕಾವಲುಗಾರ ಯಾದಗಿರಿ ಬರುತ್ತಿದ್ದ. ಮಾಣಿಕಪ್ಪ ಕಲ್ಲಿನ ಮೇಲೆ ಮೂರು ಪೆಟ್ಟು ಹಾಕುವನು: ನಮ್ಮ ಕಡೆ ಕ್ಷೇಮ. ಯಾದಗಿರಿಯೂ ಮೂರು ಹಾಕುವನು. ಆಮೇಲೆ ಇಬ್ಬರೂ ಬುತ್ತಿ ಬಿಚ್ಚುವರು. ಯಾವ ಮದುವೆಯೂ ನಡೆಯದಿದ್ದರೂ ಒಬ್ಬರನ್ನೊಬ್ಬರು ‘ಬೀಗಾ’ ಎಂದೇ ಕರೆಯುತ್ತಿದ್ದರು.

ನೆಲಗಿವಿ ಅಧಿಕೃತವಾಗಿ ಕೆಲಸಕ್ಕಿಳಿದ ಸೋಮವಾರ ಕಾವಲು ಇನ್ನು ಬೇಡವೆಂದು ಇಬ್ಬರನ್ನೂ ಮನೆಗೆ ಕಳುಹಿಸಿದರು. ಅಂದೇ ಮಧ್ಯಾಹ್ನ ವಾಲ್ವ್ ಮುಚ್ಚಿಕೊಂಡಿತು.

ಈಚೆಯವರು ಪಟಾಕಿ ಹಚ್ಚಿದರು. ಮೂವತ್ತು ದಿನ ಎಣ್ಣೆ ಹರಿಯದಿದ್ದರೆ ಕೊಳವೆಗೆ ದಾರಿ ಕೊಟ್ಟ ಒಪ್ಪಂದವೇ ರದ್ದು, ಹೊಳೆ ಮತ್ತೆ ಹೊಳೆಯಾಗುತ್ತದೆ. ಮೊದಲು ಕೀಲಿ ಎತ್ತಿದವರು ತಪ್ಪು ಒಪ್ಪಿಕೊಂಡಂತೆ ಎಂದು ಎರಡು ಸರ್ಕಾರಗಳೂ ಕೈಕಟ್ಟಿ ಕುಳಿತವು.

ಹತ್ತೊಂಬತ್ತನೆಯ ದಿನ, ನೆಲಗಿವಿಯನ್ನು ರೂಪಿಸಿದ ಡಾ. ಸರ್ವಮಂಗಳಾ ಮಾಣಿಕಪ್ಪನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತರು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು.

“ನಾಲ್ಕು ಕಡೆ ಅಗೆಸಿ ನೋಡಿದೆ, ಮಾಣಿಕಪ್ಪ. ಒಂದು ತೊಟ್ಟೂ ಸೋರಿಲ್ಲ. ಯಂತ್ರ ಮಾತ್ರ ಸೋರುತ್ತಿದೆ ಅಂತ ಹಟ ಹಿಡಿದಿದೆ.”

“ಅದರ ಕಿವ್ಯಾಗ ಗುಗ್ಗಿ ತುಂಬ್ಯಾದೇನೋ ನೋಡ್ರಿ, ಅಕ್ಕೋರೆ.”

ಸರ್ವಮಂಗಳಾ ನಗಲಿಲ್ಲ. “ಹೊಸದಾಗಿ ಕಲಿಸಬೇಕಾದರೆ ಇನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.”

ಮಾಣಿಕಪ್ಪ ಚಹಾದ ಬಸಿಯನ್ನೇ ನೋಡುತ್ತ ಕುಳಿತ. ಕಾರಣ ಅವನಿಗೆ ಎರಡನೆಯ ದಿನವೇ ಹೊಳೆದಿತ್ತು. ಬಾಯಿ ಮುಚ್ಚಿಕೊಂಡು ಇನ್ನು ಹನ್ನೊಂದು ದಿನ ಕಳೆದರೆ ಸಾಕಿತ್ತು. ಮರಳಿನಲ್ಲಿ ಬಳ್ಳಿ ಹಬ್ಬುವ ಆಸೆಗೆ ಜೀವ ಬರುತ್ತಿತ್ತು. ಆದರೆ ಬೆಳಿಗ್ಗೆ ಯಾದಗಿರಿ ಫೋನು ಮಾಡಿದ್ದ. ಅವನ ಹೆಂಡತಿಗೆ ವಾರಕ್ಕೆರಡು ಸಲ ಪಟ್ಟಣದಲ್ಲಿ ಡಯಾಲಿಸಿಸ್ ಆಗಬೇಕು.

“ಗಾಡಿಗೆ ಡೀಸೆಲ್ ಇಲ್ಲ, ಬೀಗಾ. ನಿನ್ನೆ ಎತ್ತಿನ ಬಂಡ್ಯಾಗ ಹಾಕ್ಕೊಂಡು ಹೋದೆ. ಮುಟ್ಟೂದ್ರಾಗ ಸಂಜೀ ಆಯ್ತು, ಮಷೀನು ಬಂದ್ ಮಾಡಿದ್ರು. ವಾಪಸ್ ಬಂದೀವಿ,” ಎಂದಿದ್ದ. ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾಣಿಕಪ್ಪ ಬಸಿಯನ್ನು ಕೆಳಗಿಟ್ಟ. “ಅಕ್ಕೋರೆ, ಹೋದ ವರ್ಷ ಬೇಕಂತ ಆರು ಸಲ ಎಣ್ಣೆ ಸೋರಸಿದ್ರಿ, ಖರೇನಾ?”

“ಹೌದು, ಸೋರಿಕೆ ಅಂದರೆ ಏನು ಅಂತ ಅದಕ್ಕೆ ಕಲಿಸುವುದಕ್ಕೆ.”

“ಆ ಆರು ದಿನ ನಮ್ಮಿಬ್ಬರಿಗಿ ಸೂಟಿ ಕೊಟ್ಟಿದ್ರಿ. ಬೆಂಕಿ ಹತ್ತೀತು, ಈ ಕಡಿ ಬರಬ್ಯಾಡ್ರಿ ಅಂದಿದ್ರಿ. ಅದು ಬಿಟ್ಟರ ವರ್ಷದಾಗ ಒಂದು ದಿನಾನೂ ತಪ್ಪಿಸಿಲ್ಲ ನಾವು.”

ಸರ್ವಮಂಗಳಾ ಎದ್ದು ನಿಂತರು. ಯಂತ್ರ ಕಲಿತ ಪಾಠ ಅವರಿಗೆ ಈಗ ಅರ್ಥವಾಯಿತು. ಎಣ್ಣೆಯ ಸಣ್ಣ ಸದ್ದಿಗಿಂತ ಗಡಿಕಲ್ಲಿನ ಪೆಟ್ಟುಗಳ ಮೌನವೇ ಅದಕ್ಕೆ ದೊಡ್ಡದಾಗಿ ಕೇಳಿಸಿತ್ತು. ಇಬ್ಬರು ಮನುಷ್ಯರು ಬಾರದ ದಿನ ಎಂದರೆ ಕೇಡಿನ ದಿನ.

“ಇದು ಮೊದಲೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ರಿ. ನಮ್ಮ ಹೊಳಿ ಉಳೀಲಿ ಅಂತ ಸುಮ್ಮಕಿದ್ದೆ.” ಅವನು ಮೂಲೆಯಲ್ಲಿದ್ದ ಬಡಿಗೆಗೆ ಕೈಹಾಕಿದ. “ನಡೀರಿ, ಹೊತ್ತಾಯ್ತು.”

ಯಾದಗಿರಿಗೆ ಫೋನು ಹೋಯಿತು. ಮಧ್ಯಾಹ್ನ ಗಡಿಕಲ್ಲಿನ ಮೇಲೆ ಮೂರು ಪೆಟ್ಟು ಬಿದ್ದವು, ಮತ್ತೆ ಮೂರು. ಮಣ್ಣಿನಡಿಯಲ್ಲಿ ವಾಲ್ವ್ ಗುಟುರು ಹಾಕಿ ತೆರೆದುಕೊಂಡಿತು.

ಆ ದೋಷವನ್ನು ತಿದ್ದಲು ಸರ್ವಮಂಗಳಾ ಎರಡು ರಾಜಧಾನಿಗಳಲ್ಲೂ ಅನುಮತಿ ಕೇಳಿದರು. ಎರಡೂ ಕಡೆಯವರು ಬೇಡವೆಂದರು. ಎದುರಿನ ಸರ್ಕಾರದ ಕೀಲಿಗಿಂತ ಅಲ್ಲಿನ ಕಾವಲುಗಾರನನ್ನು ನಂಬುವುದೇ ವಾಸಿ ಎಂಬುದು ಇಬ್ಬರ ಲೆಕ್ಕ. ಒಪ್ಪಂದಕ್ಕೆ ಹೊಸ ವಿಧಿಯೊಂದು ಸೇರಿತು: ಪ್ರತಿದಿನ ಎರಡು ಕಡೆಯ ಇಬ್ಬರು ಮನುಷ್ಯರು ಜಾಡನ್ನು ನಡೆದು ನೋಡಿ, ಗಡಿಕಲ್ಲಿನ ಬಳಿ ಕೂಡಿ, ತಮಗೆ ಸಮಾಧಾನವಾದರೆ ಮಾತ್ರ ಪೆಟ್ಟು ಹಾಕತಕ್ಕದ್ದು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಮಾಣಿಕಪ್ಪ ಕಲ್ಲಿನೆದುರು ನಿಂತಿದ್ದ. ಯಾದಗಿರಿಯ ಹೆಂಡತಿ ಅಂದು ಪಟ್ಟಣದಲ್ಲಿದ್ದಳು. ಅವಳನ್ನು ಮನೆಗೆ ಕರೆತರಬೇಕಾದ ಗಾಡಿ ಆ ದಿನದ ಡೀಸೆಲಿಗಾಗಿ ಕಾದು ನಿಂತಿತ್ತು. ಮಾಣಿಕಪ್ಪ ಹೊಳೆಯ ದಡದಿಂದ ಒಂದು ಹಿಡಿ ಮಣ್ಣು ತಂದಿದ್ದ. ಅದನ್ನು ಮೂಗಿಗೆ ಹಿಡಿದ. ಕೆಳಗೆ ಇಳಿಸಿದ. ಮತ್ತೆ ಹಿಡಿದ.

“ಬಡೀ ಬೀಗಾ, ರೊಟ್ಟಿ ಒಣಗಕತ್ತಾವ,” ಎಂದ ಯಾದಗಿರಿ.

ಮಾಣಿಕಪ್ಪ ಆ ಮಣ್ಣನ್ನು ಬೀಗನ ಅಂಗೈಗೆ ಸುರಿದ. ಯಾದಗಿರಿ ಮೂಸಿದ: ಸೀಮೆಎಣ್ಣೆಯ ನಾತ. ಅವನ ಮುಖದ ನಗೆ ಮೆಲ್ಲಗೆ ಆರಿತು.

ನೆಲದಡಿಯಲ್ಲಿ ನೆಲಗಿವಿ ಕಿವಿಗೊಟ್ಟು ಕಾಯುತ್ತಿತ್ತು. ಅದಕ್ಕಿನ್ನೂ ಏನೂ ಕೇಳಿಸಿರಲಿಲ್ಲ. ಯಾದಗಿರಿ ತನ್ನ ಬಡಿಗೆಯನ್ನು ಕಲ್ಲಿಗೆ ತಾಗದಂತೆ, ಸದ್ದಾಗದಂತೆ, ಹುಲ್ಲಿನ ಮೇಲೆ ಮಲಗಿಸಿದ.

“ಬಂಡಿ ಹೂಡತೀನಿ, ಬೀಗಾ,” ಎಂದ.